ಲೇಬಲ್ಲಿನಲ್ಲಿ ಹೆಸರು, ತೆರೆಮರೆಯಲ್ಲಿ ಕೈ

1927ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ಹೊರತಂದ ಒಂದು 78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ 'ಮೈ ಪ್ರೆಟಿ ಗರ್ಲ್' ಎಂಬ ಹಾಡಿದೆ. ಲೇಬಲ್ಲಿನ ಮೇಲೆ ದೊಡ್ಡದಾಗಿ ಅಚ್ಚಾದ ಹೆಸರು ಜೀನ್ ಗೋಲ್ಡ್‌ಕೆಟ್ ಮತ್ತು ಅವನ ಆರ್ಕೆಸ್ಟ್ರಾದ್ದು. ಸೂಜಿ ಇಟ್ಟರೆ ಮೂರು ನಿಮಿಷ ಉಸಿರು ಬಿಡಲು ಪುರುಸೊತ್ತಿಲ್ಲದ ಸಂಗೀತ ಕೇಳುತ್ತದೆ. ಕೊಳವಾದ್ಯಗಳು ಒಟ್ಟಾಗಿ ನುಗ್ಗುತ್ತವೆ, ಕ್ಲಾರಿನೆಟ್ ಅವುಗಳ ಮೇಲೆ ಹಾರುತ್ತದೆ, ಕೊನೆಯ ಸುತ್ತಿನಲ್ಲಿ ಸ್ಟೀವ್ ಬ್ರೌನ್ ತನ್ನ ಬಾಸ್ ವಾದ್ಯದ ತಂತಿಗಳನ್ನು ಎಳೆದು ಮರಕ್ಕೆ ಬಡಿಯುತ್ತ ಇಡೀ ತಂಡವನ್ನು ಹೆಗಲ ಮೇಲೆ ಹೊತ್ತವನಂತೆ ಓಡುತ್ತಾನೆ. ಎಲ್ಲರೂ ಕೇಳಿಸುತ್ತಾರೆ. ಲೇಬಲ್ಲಿನಲ್ಲಿ ಹೆಸರಿರುವ ಮನುಷ್ಯ ಮಾತ್ರ ಕೇಳಿಸುವುದಿಲ್ಲ.

ಗೋಲ್ಡ್‌ಕೆಟ್ ಪಿಯಾನೊ ವಾದಕ. ಆದರೆ ತನ್ನ ಹೆಸರಿನ ಬಹುಪಾಲು ತಟ್ಟೆಗಳಲ್ಲಿ ಅವನು ಪಿಯಾನೊ ಮುಟ್ಟಿಲ್ಲ. ವೇದಿಕೆಯಲ್ಲಿ ಕೋಲು ಹಿಡಿದು ನಿಲ್ಲುವ ಕೆಲಸವನ್ನೂ ಹೆಚ್ಚಾಗಿ ಬೇರೆಯವರಿಗೆ ಬಿಟ್ಟಿದ್ದ. ಹೊಸ ರಾಗ ಕಟ್ಟಿದವನೆಂದಾಗಲಿ, ಹೊಸ ಶೈಲಿ ತಂದವನೆಂದಾಗಲಿ ಅವನಿಗೆ ಖ್ಯಾತಿ ಇಲ್ಲ. ಹಾಗಿದ್ದೂ 1920ರ ದಶಕದ ಅಮೆರಿಕದ ನೃತ್ಯ ಸಂಗೀತ 1930ರ ದಶಕದ ಸ್ವಿಂಗ್ ಆಗಿ ತಿರುಗಿದ ದಾರಿಯನ್ನು ಹುಡುಕಿಕೊಂಡು ಹೋದರೆ ಮತ್ತೆ ಮತ್ತೆ ಅವನ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ. ಅವನು ಬಲ್ಲ ವಿದ್ಯೆ ಒಂದೇ: ಯಾರನ್ನು ಯಾರ ಪಕ್ಕ ಕೂರಿಸಬೇಕು, ಕೂರಿಸಿದ ಮೇಲೆ ವಾರದ ಸಂಬಳ ಹೇಗೆ ಹೊಂದಿಸಬೇಕು ಎಂಬುದು. ಇಂಥ ವಿದ್ಯೆ ತಟ್ಟೆಯ ಗೆರೆಗಳಲ್ಲಿ ದಾಖಲಾಗುವುದಿಲ್ಲ. ಅವನು ಮರೆವಿಗೆ ಸಂದದ್ದಕ್ಕೆ ಮುಖ್ಯ ಕಾರಣವೂ ಅದೇ.

ಮಾಸ್ಕೊದಿಂದ ಮೋಟಾರು ನಗರಿಗೆ

ಗೋಲ್ಡ್‌ಕೆಟ್ ಹುಟ್ಟಿದ್ದು ಯುರೋಪಿನಲ್ಲಿ, 1893ರಲ್ಲಿ. ಗ್ರೀಸ್ ಮತ್ತು ರಷ್ಯಾಗಳಲ್ಲಿ ಬೆಳೆದು, ಮಾಸ್ಕೊದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತು, 1910ರ ಸುಮಾರಿಗೆ ಅಮೆರಿಕಕ್ಕೆ ಬಂದ. ಕಛೇರಿ ಪಿಯಾನೊ ವಾದಕನಾಗಬೇಕೆಂದು ಬಂದವನ ಕಣ್ಣು ತೆರೆಸಿದ್ದು ಷಿಕಾಗೊ. ಅಲ್ಲಿ ಎಡ್ಗರ್ ಬೆನ್ಸನ್ ಎಂಬಾತ ಒಂದೇ ಕಚೇರಿಯಿಂದ ಹಲವು ನೃತ್ಯ ತಂಡಗಳನ್ನು ಹೋಟೆಲು, ಕ್ಲಬ್ಬುಗಳಿಗೆ ಒದಗಿಸುವ ವ್ಯವಹಾರ ನಡೆಸುತ್ತಿದ್ದ. ಅವನ ಬಳಿ ಕೆಲಸ ಮಾಡಿದ ಗೋಲ್ಡ್‌ಕೆಟ್ ಆ ಸೂತ್ರವನ್ನು ಹಿಡಿದುಕೊಂಡು ಡೆಟ್ರಾಯ್ಟ್‌ಗೆ ಹೋದ.

ಊರನ್ನು ಆರಿಸಿದ್ದರಲ್ಲೇ ಅರ್ಧ ಗೆಲುವಿತ್ತು. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ ಮೇಲೆ ಡೆಟ್ರಾಯ್ಟ್‌ಗೆ ಜನ ಹರಿದು ಬಂದಿದ್ದರು. 1910ರಲ್ಲಿ 4.65 ಲಕ್ಷವಿದ್ದ ಜನಸಂಖ್ಯೆ 1920ಕ್ಕೆ ಹತ್ತು ಲಕ್ಷವನ್ನು ಮುಟ್ಟುತ್ತಿತ್ತು, 1930ಕ್ಕೆ ಹದಿನೈದು ಲಕ್ಷ ದಾಟಿತು. ಕೈಯಲ್ಲಿ ಕಾಸು, ಸಂಜೆಗೆ ಬಿಡುವು, ಊರಿಗೆ ಹೊಸಬರಾದ ಹರೆಯದವರು. ಅವರಿಗೆ ಬೇಕಿದ್ದದ್ದು ಒಳ್ಳೆಯ ನೆಲ, ಒಳ್ಳೆಯ ಸಂಗೀತ, ಕೈಹಿಡಿದು ಕುಣಿಯಲು ಜೊತೆ. ಊರಿನ ಹೆದ್ದಾರಿಯಾದ ವುಡ್‌ವರ್ಡ್ ಅವೆನ್ಯೂದಲ್ಲಿ 1922ರಲ್ಲಿ ತೆರೆದ ಗ್ರೇಸ್ಟೋನ್ ಬಾಲ್‌ರೂಮ್ ಗೋಲ್ಡ್‌ಕೆಟ್‌ನ ಕೋಟೆಯಾಯಿತು. ಅಲ್ಲಿಂದ ಅವನ ಕಚೇರಿ ಬೆಳೆದು, ಅವನ ಹೆಸರು ಹೊತ್ತ ಇಪ್ಪತ್ತಕ್ಕೂ ಹೆಚ್ಚು ತಂಡಗಳು ಅಮೆರಿಕದ ಮಧ್ಯಪಶ್ಚಿಮ ಭಾಗದ ಹೋಟೆಲು, ಸರೋವರದ ದಡದ ಬೇಸಿಗೆ ಬಿಡಾರ, ಕ್ಲಬ್ಬುಗಳಲ್ಲಿ ನುಡಿಸತೊಡಗಿದವು. ಇವುಗಳಲ್ಲಿ ಮೊದಲನೆಯ ತಂಡ, ವಿಕ್ಟರ್ ಕಂಪನಿಗೆ ಧ್ವನಿಮುದ್ರಣ ಕೊಡುತ್ತಿದ್ದ ತಂಡ, ನಮ್ಮ ಕಥೆಯ ನಾಯಕ.

ಬಿಸಿ ಮತ್ತು ಸಿಹಿ

ಆಗಿನ ವಾದಕರ ಮಾತಿನಲ್ಲಿ ನೃತ್ಯ ಸಂಗೀತಕ್ಕೆ ಎರಡು ರುಚಿ: 'ಹಾಟ್' ಮತ್ತು 'ಸ್ವೀಟ್'. ಸ್ವೀಟ್ ಎಂದರೆ ಬರೆದ ರಾಗವನ್ನು ಬರೆದಂತೆ, ಮೃದುವಾಗಿ, ಪಿಟೀಲುಗಳ ಒರಗುದಿಂಬಿನ ಮೇಲೆ ನುಡಿಸುವುದು. ಹಾಟ್ ಎಂದರೆ ತಾಳವನ್ನು ಹಿಂದುಮುಂದು ಮಾಡಿ, ಸ್ವರಗಳಿಗೆ ಒರಟು ಬಳುಕು ಕೊಟ್ಟು, ಅಲ್ಲಲ್ಲಿ ವಾದಕನೊಬ್ಬ ಎದ್ದು ನಿಂತು ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು. ನಮ್ಮ ಸಂಗೀತಗಾರರು ಮನೋಧರ್ಮ ಎಂದು ಕರೆಯುವ ಗುಣ ಅಲ್ಲಿಯೂ ಜೀವಾಳ.

ಒಬ್ಬ ವಾದಕನಿಗೆ ಮನೋಧರ್ಮ ಸುಲಭ. ಹನ್ನೆರಡು, ಹದಿಮೂರು ಜನರ ತಂಡಕ್ಕೆ ಅದು ತಲೆನೋವು. ಎಲ್ಲರೂ ಒಟ್ಟಿಗೆ ಹೊಳೆದದ್ದನ್ನು ನುಡಿಸಿದರೆ ಗದ್ದಲ. ಎಲ್ಲವನ್ನೂ ಕಾಗದದ ಮೇಲೆ ಬರೆದಿಟ್ಟರೆ ಬಿಸಿ ಆರುತ್ತದೆ. ದೊಡ್ಡ ತಂಡದ ಶಿಸ್ತಿನೊಳಗೆ ಒಬ್ಬನ ಸ್ವಚ್ಛಂದವನ್ನು ಹೇಗೆ ಹಿಡಿದಿಡುವುದು? ಆ ದಶಕದ ನೃತ್ಯ ತಂಡಗಳೆಲ್ಲ ಎದುರಿಸುತ್ತಿದ್ದ ಪ್ರಶ್ನೆ ಇದು. ನ್ಯೂಯಾರ್ಕಿನಲ್ಲಿ ಫ್ಲೆಚರ್ ಹೆಂಡರ್‌ಸನ್‌ನ ಕಪ್ಪು ವಾದಕರ ತಂಡಕ್ಕೆ ಡಾನ್ ರೆಡ್‌ಮನ್ ಒಂದು ಉತ್ತರ ಬರೆಯುತ್ತಿದ್ದ. ಡೆಟ್ರಾಯ್ಟ್‌ನಲ್ಲಿ ಗೋಲ್ಡ್‌ಕೆಟ್ ತನ್ನ ಉತ್ತರವನ್ನು ಜನರನ್ನು ಆರಿಸುವ ಮೂಲಕ ಹುಡುಕಿದ.

ಬಿಕ್ಸ್ ಬೈಡರ್‌ಬೆಕ್ ವಿಷಯವನ್ನೇ ನೋಡಿ. ಅಯೋವಾ ಪ್ರಾಂತದ ಡ್ಯಾವೆನ್‌ಪೋರ್ಟ್‌ನ ಈ ಹುಡುಗ ಕಾರ್ನೆಟ್ ತುತ್ತೂರಿಯಲ್ಲಿ ಗಂಟೆಯ ನಾದದಷ್ಟು ಶುಭ್ರ ಸ್ವರ ಹೊರಡಿಸುತ್ತಿದ್ದ. ಆದರೆ ಸ್ವರಲಿಪಿ ಓದುವುದರಲ್ಲಿ ಹಿಂದೆ. 1924ರ ಕೊನೆಯಲ್ಲಿ ಗೋಲ್ಡ್‌ಕೆಟ್ ಅವನನ್ನು ತಂಡಕ್ಕೆ ಸೇರಿಸಿಕೊಂಡ. ಓದು ಸಾಲದೆಂದು ಕೆಲವೇ ವಾರಗಳಲ್ಲಿ ಕಳಿಸಿಕೊಡಬೇಕಾಯಿತು. ಬಿಕ್ಸ್ ಆಮೇಲೆ ಸೇಂಟ್ ಲೂಯಿಸ್‌ನಲ್ಲಿ ಫ್ರ್ಯಾಂಕಿ ಟ್ರಂಬೌವರ್ ಮುನ್ನಡೆಸುತ್ತಿದ್ದ ಸಣ್ಣ ತಂಡದಲ್ಲಿ ಪಳಗಿದ. 1926ರಲ್ಲಿ ಗೋಲ್ಡ್‌ಕೆಟ್ ಗುರು ಶಿಷ್ಯ ಇಬ್ಬರನ್ನೂ ಒಟ್ಟಿಗೆ ತನ್ನ ಮೊದಲ ತಂಡಕ್ಕೆ ತಂದು ಕೂರಿಸಿದ. ಆಗಲೇ ಅಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಬಂದ ಸ್ಟೀವ್ ಬ್ರೌನ್ ಬಾಸ್ ಹಿಡಿದಿದ್ದ. ಬಿಲ್ ರ್‍ಯಾಂಕ್ ಮತ್ತು ಸ್ಪೀಗಲ್ ವಿಲ್‌ಕಾಕ್ಸ್ ಟ್ರಾಂಬೋನ್, ಡಾನ್ ಮರ್ರೆ ಕ್ಲಾರಿನೆಟ್, ಚಾನ್ಸಿ ಮೋರ್‌ಹೌಸ್ ಡ್ರಮ್ಸ್. ಪಿಟೀಲಿಗೆ ಜೋ ವೆನೂಟಿ, ಗಿಟಾರಿಗೆ ಎಡ್ಡಿ ಲ್ಯಾಂಗ್ ಆಗಾಗ ಬಂದು ಕೂಡಿಕೊಳ್ಳುತ್ತಿದ್ದರು. ಟಾಮಿ ಮತ್ತು ಜಿಮ್ಮಿ ಡಾರ್ಸಿ ಸಹೋದರರು ಇದೇ ಮನೆಯಲ್ಲಿ ಉಂಡು ಹೋದವರು.

ಕೊನೆಯ ಕೊಂಡಿ ಬಿಲ್ ಚಾಲಿಸ್. ಪೆನ್ಸಿಲ್ವೇನಿಯಾದ ಗಣಿ ಪ್ರದೇಶದ ಊರಾದ ವಿಲ್ಕ್ಸ್-ಬ್ಯಾರೆಯ ಈ ತರುಣನನ್ನು ಗೋಲ್ಡ್‌ಕೆಟ್ ತಂಡ 1926ರಲ್ಲಿ ಸಂಯೋಜಕನಾಗಿ ಸೇರಿಸಿಕೊಂಡಿತು. ಹಾಡು ಯಾರದ್ದೋ ಇರಬಹುದು. ಅದನ್ನು ಯಾವ ವಾದ್ಯ ಯಾವಾಗ ನುಡಿಸಬೇಕು, ಎಲ್ಲಿ ಮೌನ, ಎಲ್ಲಿ ಒಬ್ಬನ ತನಿ ಎಂದು ಬರೆದುಕೊಡುವುದು ಸಂಯೋಜಕನ ಕೆಲಸ. ಬಿಕ್ಸ್ ತಾನಾಗಿ ನುಡಿಸುವ ಬಳುಕುಗಳನ್ನು ಕಿವಿಗೊಟ್ಟು ಕೇಳಿ, ಅವನ್ನೇ ಇಡೀ ಕೊಳವಾದ್ಯ ವಿಭಾಗ ಒಕ್ಕೊರಲಿನಲ್ಲಿ ನುಡಿಸುವಂತೆ ಬರೆದದ್ದು ಚಾಲಿಸ್‌ನ ಜಾಣ್ಮೆ. ಕಾಗದದ ಮೇಲಿದ್ದರೂ ಬಿಸಿ ಆರಲಿಲ್ಲ. ಒಬ್ಬನ ಮನೋಧರ್ಮ ತಂಡದ ಭಾಷೆಯಾಯಿತು.

ರೋಸ್‌ಲ್ಯಾಂಡಿನಲ್ಲಿ ಮುಖಾಮುಖಿ

1926ರ ಶರತ್ಕಾಲದಲ್ಲಿ ಈ ತಂಡ ಮ್ಯಾಸಚೂಸೆಟ್ಸ್‌ನ ಸೌತ್‌ಬರೊದಲ್ಲಿ ಬೀಡುಬಿಟ್ಟು ನ್ಯೂ ಇಂಗ್ಲೆಂಡಿನ ಊರೂರು ಸುತ್ತಿ, ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿದ್ದ ರೋಸ್‌ಲ್ಯಾಂಡ್ ಬಾಲ್‌ರೂಮಿಗೆ ಬಂತು. ರೋಸ್‌ಲ್ಯಾಂಡಿನಲ್ಲಿ ಎರಡು ವೇದಿಕೆ. ಒಂದು ತಂಡ ದಣಿದಾಗ ಇನ್ನೊಂದು ಎತ್ತಿಕೊಳ್ಳಬೇಕು, ಕುಣಿತ ನಿಲ್ಲಬಾರದು. ಇನ್ನೊಂದು ವೇದಿಕೆಯಲ್ಲಿದ್ದದ್ದು ಹೆಂಡರ್‌ಸನ್‌ನ ತಂಡ. ಕೋಲ್‌ಮನ್ ಹಾಕಿನ್ಸ್‌ನ ಸ್ಯಾಕ್ಸಫೋನ್, ರೆಕ್ಸ್ ಸ್ಟ್ಯೂವರ್ಟ್‌ನ ಕಾರ್ನೆಟ್, ರೆಡ್‌ಮನ್‌ನ ಸಂಯೋಜನೆ. ಆ ಹೊತ್ತಿಗೆ ಅಮೆರಿಕದಲ್ಲೇ ಅವರನ್ನು ಮೀರಿಸುವವರಿಲ್ಲ ಎಂಬ ಮಾತು. ಹಳ್ಳಿಗಾಡಿನಿಂದ ಬಂದ ಬಿಳಿಯರ ತಂಡ ಅವರೆದುರು ಏನು ಮಾಡೀತು ಎಂದುಕೊಂಡವರೇ ಹೆಚ್ಚು.

ಆ ರಾತ್ರಿ ತಾವು ಸೋತೆವು ಎಂದು ಬರೆದಿಟ್ಟವನು ಎದುರು ಪಕ್ಷದ ರೆಕ್ಸ್ ಸ್ಟ್ಯೂವರ್ಟ್. ತಮ್ಮ ಹಮ್ಮು ನೆಲಕಚ್ಚಿದ್ದನ್ನು ಆತ ತನ್ನ ನೆನಪುಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಜಾಝ್ ಇತಿಹಾಸದಲ್ಲಿ ಸ್ವಿಂಗ್ ಎನ್ನಬಹುದಾದದ್ದನ್ನು ಮೊದಲು ನುಡಿಸಿದ ಬಿಳಿಯರ ತಂಡ ಇದು ಎನ್ನುತ್ತಾನೆ. ಗೆದ್ದವರು ಹೇಳಿಕೊಂಡಿದ್ದರೆ ಜಂಬ ಎನ್ನಬಹುದಿತ್ತು. ಸೋತವನ ಸಾಕ್ಷ್ಯಕ್ಕೆ ತೂಕ ಹೆಚ್ಚು. ಬಿಕ್ಸ್‌ನ ಗುಂಗು ಸ್ಟ್ಯೂವರ್ಟ್‌ನನ್ನು ಬಿಡಲಿಲ್ಲ. 1931ರಲ್ಲಿ ಹೆಂಡರ್‌ಸನ್ ತಂಡ 'ಸಿಂಗಿನ್ ದ ಬ್ಲೂಸ್' ಧ್ವನಿಮುದ್ರಿಸಿದಾಗ ಅವನು ಅದೇ ಹಾಡಿಗೆ ಬಿಕ್ಸ್ 1927ರಲ್ಲಿ ನುಡಿಸಿದ್ದ ತನಿಯನ್ನು ಸ್ವರಕ್ಕೆ ಸ್ವರ ನುಡಿಸಿದ.

ಒಂದು ಮಾತು ಮರೆಯಬಾರದು. ಹೆಂಡರ್‌ಸನ್ ತಂಡ ಆ ಸಭಾಂಗಣದಲ್ಲಿ ವರ್ಷಗಟ್ಟಲೆ ನುಡಿಸಿದರೂ ಕಪ್ಪು ಜನರಿಗೆ ಅಲ್ಲಿ ಕುಣಿಯಲು ಪ್ರವೇಶವಿರಲಿಲ್ಲ. ವೇದಿಕೆಯ ಮೇಲೆ ಸಮಾನ ಪೈಪೋಟಿ ಇತ್ತು. ಟಿಕೆಟ್ ಕಿಟಕಿಯಲ್ಲಿ ಸಮಾನತೆ ಇರಲಿಲ್ಲ.

ಸ್ಟುಡಿಯೊದಲ್ಲಿ ಆರಿದ ಬಿಸಿ

ಇಷ್ಟೊಂದು ಸೊಗಸಾದ ತಂಡದ ತಟ್ಟೆಗಳನ್ನು ಮೊದಲ ಬಾರಿಗೆ ಕೇಳುವವರಿಗೆ ನಿರಾಸೆಯಾಗುವುದುಂಟು. ಸ್ಟ್ಯೂವರ್ಟ್ ಬಣ್ಣಿಸಿದ ತಂಡ ಇದೇನಾ? ಅರ್ಧಕ್ಕರ್ಧ ತಟ್ಟೆಗಳಲ್ಲಿ ಸಪ್ಪೆ ಹಾಡು, ನಡುವೆ ಅದಕ್ಕಿಂತ ಸಪ್ಪೆಯಾದ ಗಾಯನ. 1926ರ ಅಕ್ಟೋಬರ್ 15ರಂದು ಮುದ್ರಿಸಿದ 'ಸಂಡೇ'ಯಲ್ಲಿ ತಂಡ ಚೆನ್ನಾಗಿ ಓಟ ಹಿಡಿಯುತ್ತಿರುವಾಗಲೇ ಕೆಲರ್ ಸಿಸ್ಟರ್ಸ್ ಅಂಡ್ ಲಿಂಚ್ ಎಂಬ ಗಾಯನ ತ್ರಯ ಬಂದು ಹಾದಿಗೆ ಅಡ್ಡ ನಿಲ್ಲುತ್ತದೆ.

ತಪ್ಪು ತಂಡದ್ದಲ್ಲ. ಯಾವ ಹಾಡು ಮುದ್ರಿಸಬೇಕು, ಯಾರು ಹಾಡಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಕಂಪನಿ. ವಿಕ್ಟರ್‌ನ ಧ್ವನಿಮುದ್ರಣಾಧಿಕಾರಿ ಎಡ್ಡಿ ಕಿಂಗ್‌ಗೆ ಬಿಸಿ ಜಾಝ್ ಕಂಡರಾಗುತ್ತಿರಲಿಲ್ಲ. 1924ರ ನವೆಂಬರಿನಲ್ಲಿ ಬಿಕ್ಸ್ ಮೊದಲ ಬಾರಿ ಗೋಲ್ಡ್‌ಕೆಟ್ ತಂಡದೊಂದಿಗೆ ಸ್ಟುಡಿಯೊಗೆ ಬಂದಾಗ ಅವನ ನುಡಿಸಾಣಿಕೆ ಕಿಂಗ್‌ಗೆ ಒಗ್ಗಲಿಲ್ಲ. ಮಾರಾಟದ ಲೆಕ್ಕಾಚಾರವೂ ಕಂಪನಿಯ ಕೈ ಕಟ್ಟಿತ್ತು. ಗೋಲ್ಡ್‌ಕೆಟ್ ಎಂದರೆ ಹೋಟೆಲು ನೃತ್ಯದ ಗೌರವಸ್ಥ ಹೆಸರು, ಅದರಡಿ ಸಂಗೀತ ಪ್ರಕಾಶಕರು ತಳ್ಳುತ್ತಿದ್ದ ಹೊಸ ಹಾಡುಗಳು ಬರಬೇಕು. ಕಾರು ನಗರಿಯ ನಂಟು ಎಷ್ಟಿತ್ತೆಂದರೆ 1927ರ ಮೇ ತಿಂಗಳಲ್ಲಿ ಓಲ್ಡ್ಸ್‌ಮೊಬೀಲ್ ಕಾರಿಗಾಗಿಯೇ ವಿಶೇಷ ತಟ್ಟೆಯೊಂದು ತಯಾರಾಯಿತು. ಜಾಹೀರಾತಿನ ಆ ಹಾಡಿನಲ್ಲಿ ಕಂಪನಿಯ ಅಂಕೆ ತುಸು ಸಡಿಲವಾಗಿ, ತಂಡ ಬೇರೆಡೆಗಿಂತ ಖುಷಿಯಾಗಿ ನುಡಿಸಿದಂತೆ ಕೇಳುತ್ತದೆ.

ಇತಿಹಾಸದ ತಕ್ಕಡಿ ವಾಲಿದ್ದು ಇಲ್ಲಿಯೇ. 1927ರ ಫೆಬ್ರುವರಿ 1ರಂದು ತಂಡ 'ಮೈ ಪ್ರೆಟಿ ಗರ್ಲ್' ಮುದ್ರಿಸಿತು. ಮೂರೇ ದಿನದ ನಂತರ, ಅದೇ ತಂಡದ ಕೆಲವರು ಎಡ್ಡಿ ಲ್ಯಾಂಗ್ ಜೊತೆ ಸೇರಿ ಟ್ರಂಬೌವರ್ ಹೆಸರಿನಲ್ಲಿ ಓಕೆ ಕಂಪನಿಗೆ 'ಸಿಂಗಿನ್ ದ ಬ್ಲೂಸ್' ನುಡಿಸಿದರು. ಸಣ್ಣ ತಂಡ, ಕಡಿಮೆ ಕಟ್ಟುಪಾಡು, ಬಿಕ್ಸ್‌ಗೆ ಮೈದಾನ ಖಾಲಿ. ಆ ತಟ್ಟೆ ಜಾಝ್‌ನ ಅಮರ ಕೃತಿಗಳ ಸಾಲಿಗೆ ಸೇರಿತು. ಕೇಳುಗರು ಬಿಕ್ಸ್ ಮತ್ತು ಟ್ರಂಬೌವರ್ ಹೆಸರನ್ನು ಹೃದಯದಲ್ಲಿಟ್ಟುಕೊಂಡರು. ಆ ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಸಂಬಳದ ಪಟ್ಟಿಯಲ್ಲಿ ಇದ್ದದ್ದು ಯಾರಿಂದ ಎಂದು ಕೇಳುವ ಪ್ರಮೇಯವೇ ಬರಲಿಲ್ಲ.

ಸೋಮವಾರದ ಸರದಿ

ಗೋಲ್ಡ್‌ಕೆಟ್‌ನನ್ನು ಬರೀ ಬಿಕ್ಸ್‌ನ ಯಜಮಾನ ಎಂದು ನೋಡಿದರೂ ಅನ್ಯಾಯವೇ. ಅವನ ಸಂಸ್ಥೆಯಿಂದ ಇನ್ನೆರಡು ಕವಲು ಒಡೆದವು. ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಿಲಿಯಂ ಮೆಕಿನ್ನಿ ಕಟ್ಟಿದ್ದ ಕಪ್ಪು ವಾದಕರ ತಂಡವನ್ನು ಗ್ರೇಸ್ಟೋನ್‌ಗೆ ಕರೆತಂದದ್ದು ಗೋಲ್ಡ್‌ಕೆಟ್. 'ಮೆಕಿನ್ನೀಸ್ ಕಾಟನ್ ಪಿಕರ್ಸ್' ಎಂಬ ಹೆಸರಿನಲ್ಲಿ ಅವರು ಮನೆಮಾತಾದರು. 1927ರಲ್ಲಿ ಡಾನ್ ರೆಡ್‌ಮನ್ ಹೆಂಡರ್‌ಸನ್‌ನನ್ನು ಬಿಟ್ಟು ಈ ತಂಡದ ಸಂಗೀತ ನಿರ್ದೇಶಕನಾಗಿ ಬಂದ. ರೋಸ್‌ಲ್ಯಾಂಡಿನಲ್ಲಿ ಎದುರುಬದುರಾಗಿದ್ದ ಎರಡು ಮಾರ್ಗಗಳೂ ಹೀಗೆ ಒಂದೇ ಕಚೇರಿಯ ನೆರಳಿಗೆ ಬಂದವು. 1928ರ ಬೇಸಿಗೆಯಿಂದ ವಿಕ್ಟರ್‌ಗೆ ಅವರು ಕೊಟ್ಟ ತಟ್ಟೆಗಳು ಸ್ವಿಂಗ್ ಯುಗದ ಮುಂಗೋಳಿಗಳು.

ಇದನ್ನು ಔದಾರ್ಯದ ಕಥೆ ಮಾಡಬೇಕಿಲ್ಲ. ಗುಲಾಮಗಿರಿಯ ಹತ್ತಿ ಹೊಲಗಳನ್ನು ನೆನಪಿಸುವ ಆ ಹೆಸರೇ ಬಿಳಿಯ ಗಿರಾಕಿಗಳ ರುಚಿಗೆ ತಕ್ಕಂತೆ ಅಂಟಿಸಿದ್ದು. ಗ್ರೇಸ್ಟೋನ್‌ನಲ್ಲಿ ಕಪ್ಪು ಜನರು ಕುಣಿಯಬಹುದಾಗಿದ್ದದ್ದು ಸೋಮವಾರ ಮಾತ್ರ. ದುಡಿಮೆ ಅವರದು, ವ್ಯವಹಾರದ ಕೀಲಿಕೈ ಬಿಳಿಯ ಮಾಲೀಕನದು. ಹಾಗಿದ್ದೂ ತಿಂಗಳುಗಟ್ಟಲೆ ಒಂದೇ ಕಡೆ ನೆಲೆ, ನಿಯಮಿತ ಸಂಬಳ, ತಾಲೀಮಿಗೆ ಸಮಯ ಸಿಕ್ಕದಿದ್ದರೆ ರೆಡ್‌ಮನ್‌ನಂಥ ಸಂಯೋಜಕನ ಕಾಗದ ಜೀವ ತಳೆಯುತ್ತಿರಲಿಲ್ಲ. ಶೋಷಣೆಯೂ ಅವಕಾಶವೂ ಒಂದೇ ಒಪ್ಪಂದದ ಎರಡು ಕಲಮುಗಳಾಗಿದ್ದವು.

ಇನ್ನೊಂದು ಕವಲು 'ಆರೆಂಜ್ ಬ್ಲಾಸಮ್ಸ್' ಎಂಬ ಗೋಲ್ಡ್‌ಕೆಟ್ ತಂಡ. 1929ರಲ್ಲಿ ಅದರ ವಾದಕರು ಯಜಮಾನನ ಹಂಗು ತೊರೆದು, ತಾವೇ ಪಾಲುದಾರರಾಗಿ ಸಂಸ್ಥೆ ಕಟ್ಟಿಕೊಂಡು, ಟೊರಾಂಟೊದ ಕೋಟೆಯೊಂದರ ಹೆಸರಿನಲ್ಲಿ 'ಕಾಸಾ ಲೋಮಾ ಆರ್ಕೆಸ್ಟ್ರಾ' ಆದರು. 1935ರಲ್ಲಿ ಬೆನ್ನಿ ಗುಡ್‌ಮನ್ ಸ್ವಿಂಗ್ ಜ್ವರ ಹಬ್ಬಿಸುವ ಮುನ್ನವೇ ಕಾಲೇಜು ಹುಡುಗರು ಕಾಸಾ ಲೋಮಾ ಲಯಕ್ಕೆ ಕುಣಿಯುತ್ತಿದ್ದರು.

ಮುಳುಗಿಸಿದ್ದು ಸಂಬಳದ ಪಟ್ಟಿ

ಒಳ್ಳೆಯವರನ್ನೆಲ್ಲ ಒಂದೆಡೆ ಸೇರಿಸಿದರೆ ಒಳ್ಳೆಯ ಸಂಬಳವನ್ನೂ ಕೊಡಬೇಕು. ಮೊದಲ ತಂಡದ ಖರ್ಚು ಆದಾಯವನ್ನು ನುಂಗತೊಡಗಿತು. 1927ರ ಸೆಪ್ಟೆಂಬರ್ 15ರಂದು ತಂಡ 'ಕ್ಲೆಮೆಂಟೈನ್' ಮುದ್ರಿಸಿತು. ಅಂದು ಎಡ್ಡಿ ಕಿಂಗ್ ಇರಲಿಲ್ಲ, ನಡುವೆ ತೂರಿಸಿದ ಗಾಯಕರಿರಲಿಲ್ಲ. ಬಿಕ್ಸ್‌ಗೆ ಒಂದು ಪೂರ್ತಿ ಸುತ್ತು ಸಿಕ್ಕಿತು, ಲ್ಯಾಂಗ್‌ನ ಗಿಟಾರ್ ತಂತಿಗಳು ಅವನ ಬೆನ್ನಿಗೆ ನಿಂತವು. ರೋಸ್‌ಲ್ಯಾಂಡಿನಲ್ಲಿ ಜನ ಏನು ಕೇಳಿದ್ದರು ಎಂಬುದಕ್ಕೆ ಇರುವ ಅತ್ಯಂತ ಹತ್ತಿರದ ಪುರಾವೆ ಇದು. ಮೂರು ದಿನಗಳ ನಂತರ, ಸೆಪ್ಟೆಂಬರ್ 18ರಂದು, ಅದೇ ರೋಸ್‌ಲ್ಯಾಂಡಿನಲ್ಲಿ ಕೊನೆಯ ಬಾರಿ ನುಡಿಸಿ ತಂಡ ಚದುರಿತು.

ಚಾಲಿಸ್, ಬಿಕ್ಸ್, ಟ್ರಂಬೌವರ್ ಆ ವರ್ಷ ಮುಗಿಯುವುದರೊಳಗೆ ಪಾಲ್ ವೈಟ್‌ಮನ್‌ನ ಶ್ರೀಮಂತ ತಂಡ ಸೇರಿದರು. ವೈಟ್‌ಮನ್‌ಗೆ 'ಜಾಝ್ ರಾಜ' ಎಂಬ ಬಿರುದಿತ್ತು, ಪ್ರಚಾರಕ್ಕೆ ಹಣವಿತ್ತು. ಗೋಲ್ಡ್‌ಕೆಟ್ ಬಿತ್ತಿದ್ದರ ಸುಗ್ಗಿ ಅಲ್ಲಿ ಆಯಿತು. ಬಿಕ್ಸ್ 1931ರ ಆಗಸ್ಟ್ 6ರಂದು, 28ನೇ ವಯಸ್ಸಿನಲ್ಲಿ, ಕುಡಿತಕ್ಕೆ ಬಲಿಯಾಗಿ ಸತ್ತ ಮೇಲೆ ದಂತಕಥೆಯಾದ. ದಂತಕಥೆಗಳಿಗೆ ಒಂಟಿ ನಾಯಕ ಬೇಕು, ಲೆಕ್ಕಪತ್ರ ಇಡುವವನು ಬೇಡ. ಗೋಲ್ಡ್‌ಕೆಟ್ ಆರ್ಥಿಕ ಕುಸಿತದ ನಂತರ ಏಜೆಂಟನಾಗಿ, ಮತ್ತೆ ಶಾಸ್ತ್ರೀಯ ಪಿಯಾನೊ ವಾದಕನಾಗಿ ದಿನ ಕಳೆದು, 1962ರ ಮಾರ್ಚ್ 24ರಂದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ತೀರಿಕೊಂಡ. ಮರು ವರ್ಷ ಗ್ರೇಸ್ಟೋನ್ ಕಟ್ಟಡವನ್ನು ಮೋಟೌನ್ ಕಂಪನಿಯ ಬೆರ್ರಿ ಗಾರ್ಡಿ ಕೊಂಡ. 1980ರಲ್ಲಿ ಅದನ್ನು ಕೆಡವಲಾಯಿತು.

ಅರಗಿನ ತಟ್ಟೆ, ಕಚೇರಿಯ ಕಡತ

ಹಾಗಾದರೆ ಇವತ್ತು ಗೋಲ್ಡ್‌ಕೆಟ್‌ನನ್ನು ಹುಡುಕುವುದು ಎಲ್ಲಿ? ಮೊದಲನೆಯದಾಗಿ ತಟ್ಟೆಗಳಲ್ಲಿ. 78 ಸುತ್ತಿನ ತಟ್ಟೆಗಳನ್ನು ಹಿಡಿದಿಡುತ್ತಿದ್ದ ಅಂಟು ಅರಗು. ಆ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ ಮೊದಲಾದ ಮರಗಳ ಕೊಂಬೆಗೆ ಕಚ್ಚಿಕೊಂಡ ಪುಟ್ಟ ಕೀಟಗಳು ಸ್ರವಿಸಿದ ಅರಗು ಕೋಲ್ಕತ್ತದ ಬಂದರಿನಿಂದ ಹಡಗು ಹತ್ತುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅರಗಿನ ಸರಬರಾಜು ಕುಗ್ಗಿದಾಗ, 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆ ತಯಾರಿಕೆಗೆ ಕಡಿವಾಣ ಹಾಕಿತು. ಹಳೆಯ ತಟ್ಟೆಗಳನ್ನು ಸಂಗ್ರಹಿಸಿ ಪುಡಿ ಮಾಡಿ ಹೊಸದಕ್ಕೆ ಬೆರೆಸಲಾಯಿತು. 1920ರ ದಶಕದ ನೃತ್ಯ ಸಂಗೀತ ಆಗ ಯಾರಿಗೂ ಬೇಡದ ಹಳೆಯ ಸರಕು. ಎಷ್ಟೋ ತಟ್ಟೆಗಳು ಹೀಗೆಯೇ ಹೊಸ ಹಾಡುಗಳ ಮೈಯೊಳಗೆ ಕರಗಿಹೋದವು.

ಎರಡನೆಯದಾಗಿ ಕಾಗದಗಳಲ್ಲಿ. ವಿಕ್ಟರ್ ಕಂಪನಿ ಪ್ರತಿ ಧ್ವನಿಮುದ್ರಣಕ್ಕೂ ದಿನಾಂಕ, ಸ್ಥಳ, ವಾದ್ಯಗಳು, ಎಷ್ಟನೇ ಪ್ರಯತ್ನ ಸ್ವೀಕೃತವಾಯಿತು ಎಂದು ಕಡತದಲ್ಲಿ ಬರೆದಿಡುತ್ತಿತ್ತು. ಬ್ರಿಟನ್ನಿನ ಬ್ರಯಾನ್ ರಸ್ಟ್‌ನಂಥವರು ಇಂಥ ಕಡತಗಳನ್ನೂ ವಾದಕರ ನೆನಪುಗಳನ್ನೂ ತಾಳೆ ನೋಡಿ ಯಾವ ತಟ್ಟೆಯಲ್ಲಿ ಯಾರು ನುಡಿಸಿದ್ದಾರೆಂಬ ಪಟ್ಟಿ ಕಟ್ಟಿದರು. ವಿಕ್ಟರ್‌ನ ಆ ಮಾಹಿತಿ ಈಗ ಗೋಲ್ಡ್‌ಕೆಟ್ ಕೊನೆಯುಸಿರೆಳೆದ ಸಾಂಟಾ ಬಾರ್ಬರಾದ ವಿಶ್ವವಿದ್ಯಾಲಯ ನಡೆಸುವ ಧ್ವನಿಮುದ್ರಣ ಕೋಶದಲ್ಲಿ ಎಲ್ಲರಿಗೂ ತೆರೆದಿದೆ.

ಮೂರನೆಯದಾಗಿ ಮನುಷ್ಯರಲ್ಲಿ. ಟ್ರಾಂಬೋನ್ ವಾದಕ ಸ್ಪೀಗಲ್ ವಿಲ್‌ಕಾಕ್ಸ್ 1927ರಲ್ಲೇ ತಂಡ ಬಿಟ್ಟು ನ್ಯೂಯಾರ್ಕ್ ಪ್ರಾಂತದ ಕಾರ್ಟ್‌ಲ್ಯಾಂಡ್‌ಗೆ ಹೋಗಿ ಅಪ್ಪನ ಕಲ್ಲಿದ್ದಲು ವ್ಯಾಪಾರ ನೋಡಿಕೊಂಡಿದ್ದ. 1970ರ ದಶಕದಲ್ಲಿ ಹಳೆಯ ಗೆಳೆಯ ವೆನೂಟಿಯ ಜೊತೆ ಮತ್ತೆ ವೇದಿಕೆ ಹತ್ತಿದವನು 1999ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಕಾಲದವರೆಗೂ ವಾದ್ಯ ಕೆಳಗಿಡಲಿಲ್ಲ. 1980ರ ದಶಕದಲ್ಲಿ ಮುಪ್ಪಿನ ಬಿಲ್ ಚಾಲಿಸ್ ತನ್ನ ಹಳೆಯ ಸಂಯೋಜನೆಗಳನ್ನು ಮತ್ತೆ ಬರೆದುಕೊಟ್ಟ. ನ್ಯೂಯಾರ್ಕಿನ ವಿನ್ಸ್ ಜೋರ್ಡಾನೊ ತನ್ನ ತಂಡದೊಂದಿಗೆ 'ದ ಗೋಲ್ಡ್‌ಕೆಟ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಅವನ್ನು ಮುದ್ರಿಸಿದ. ಅಲ್ಲಿ ಟ್ರಾಂಬೋನ್ ಹಿಡಿದವರಲ್ಲಿ ವಿಲ್‌ಕಾಕ್ಸ್ ಕೂಡ ಒಬ್ಬ. ಸಪ್ಪೆ ಗಾಯನವಿಲ್ಲದೆ, ಕಂಪನಿಯ ಅಧಿಕಾರಿಯ ಗಡಿಯಾರವಿಲ್ಲದೆ, ಆ ಕಾಗದದಲ್ಲಿದ್ದ ಸಂಗೀತ ಕೊನೆಗೂ ಹೊರಬಂತು.

ಹೊಸದಾಗಿ ಕೇಳುವವರು 1926ರ ಜನವರಿಯ 'ಡೈನಾ'ದಿಂದ ಶುರುಮಾಡಬಹುದು. 1925ರಲ್ಲಿ ಮೈಕ್ರೊಫೋನು ಬರುವ ಮುಂಚೆ ಕೊಳವೆಯೊಳಗೆ ನುಡಿಸಿದರೆ ತಂತಿ ಬಾಸ್ ಸರಿಯಾಗಿ ದಾಖಲಾಗುತ್ತಿರಲಿಲ್ಲ, ಹೆಚ್ಚಾಗಿ ಟ್ಯೂಬಾ ಊದಬೇಕಿತ್ತು. ವಿದ್ಯುತ್ ಧ್ವನಿಮುದ್ರಣದ ಆ ಹೊಸತರಲ್ಲಿ ಸ್ಟೀವ್ ಬ್ರೌನ್‌ನ ಬೆರಳುಗಳು ಏನು ಮಾಡುತ್ತವೆ ಎಂದು ಗಮನಿಸಿ. ಆಮೇಲೆ 'ಮೈ ಪ್ರೆಟಿ ಗರ್ಲ್', ಕೊನೆಗೆ 'ಕ್ಲೆಮೆಂಟೈನ್'. ಬಿಕ್ಸ್ ಎಲ್ಲಿ ಎಂದು ಹುಡುಕುವ ಅಭ್ಯಾಸವನ್ನು ಒಂದು ಸಲ ಬದಿಗಿಟ್ಟು, ಒಂದು ವಿಭಾಗದಿಂದ ಇನ್ನೊಂದಕ್ಕೆ ರಾಗ ಕೈ ಬದಲಾಗುವ ಜಾಗಗಳನ್ನು ಕೇಳಿ. ಪ್ರತಿಯೊಬ್ಬನಿಗೂ ಪಕ್ಕದವನ ಉಸಿರು ಗೊತ್ತಿದೆ. ತಿಂಗಳುಗಟ್ಟಲೆ ಒಟ್ಟಿಗೆ ನುಡಿಸಲು ಯಾರೋ ಅನುವು ಮಾಡಿಕೊಟ್ಟಿದ್ದರಿಂದ ಮಾತ್ರ ಬರುವ ಹೊಂದಿಕೆ ಅದು.

ಅಮೆರಿಕದ 2018ರ ಕಾಯ್ದೆಯ ಪ್ರಕಾರ ಈ ತಟ್ಟೆಗಳ ಧ್ವನಿಮುದ್ರಣ ಹಕ್ಕು ನೂರು ವರ್ಷಕ್ಕೆ ಮುಗಿಯುತ್ತದೆ. 1926ರಲ್ಲಿ ಹೊರಬಂದವು 2027ರ ಜನವರಿ 1ಕ್ಕೂ, 1927ರವು ಅದರ ಮರುವರ್ಷಕ್ಕೂ ಅಲ್ಲಿ ಸಾರ್ವಜನಿಕ ಸ್ವತ್ತಾಗುತ್ತವೆ. ಯಾರು ಬೇಕಾದರೂ ಅವನ್ನು ಶುಚಿಗೊಳಿಸಿ, ಹಂಚಿ, ಹೊಸದಕ್ಕೆ ಬಳಸಿಕೊಳ್ಳಬಹುದು. ಆಗ ಬಿಕ್ಸ್‌ನ ತನಿಗಳನ್ನಷ್ಟೇ ಕತ್ತರಿಸಿ ಮಾಲೆ ಮಾಡುವ ಹಳೆಯ ಆಸೆ ಮತ್ತೆ ಹುಟ್ಟಬಹುದು. ಪೂರ್ತಿ ತಟ್ಟೆ ಕೇಳುವುದೇ ಮೇಲು. ಸಪ್ಪೆ ಗಾಯನವೂ ಸೇರಿದಂತೆ ಆ ಮೂರು ನಿಮಿಷದಲ್ಲಿರುವುದು ಹದಿಮೂರು ಜನರ ಹೊಟ್ಟೆಪಾಡು, ಒಂದು ಕಂಪನಿಯ ಪುಕ್ಕಲುತನ, ಮತ್ತು ಇವೆರಡರ ನಡುವೆ ಸಿಕ್ಕಿಕೊಂಡೂ ತಂಡವನ್ನು ನಿಲ್ಲಿಸಿದ ಒಬ್ಬ ಯಜಮಾನನ ಲೆಕ್ಕಾಚಾರ. ಜಾಝ್ ಹುಟ್ಟಿದ್ದು ಪ್ರತಿಭೆಯಿಂದ. ಬೆಳೆದದ್ದು ಇಂಥ ಲೆಕ್ಕಾಚಾರದ ನೆರವಿನಿಂದ.